ಕಿರುಮಿದುಳು ಮತ್ತು ತಲೆಸುತ್ತು

ಅಲುಗಾಡದೆ ಕುಳಿತವರಿಗೂ ಗೋಡೆ, ಸೂರು ಗಿರ್ರನೆ ತಿರುಗಿದಂತಾಗುವುದೇ ತಲೆಸುತ್ತು. ವೈದ್ಯರ ಮಾತಿನಲ್ಲಿ ವರ್ಟಿಗೊ. ಕಣ್ಣು ಕತ್ತಲೆಗಟ್ಟಿ ಬವಳಿ ಬರುವುದು ಬೇರೆ. ಆಡುಮಾತಿನಲ್ಲಿ ಎರಡೂ ‘ತಲೆ ತಿರುಗೋದು’, ಎರಡಕ್ಕೂ ಪಿತ್ತವೇ ಕಾರಣ. ಗೊಂದಲ ಶುರುವಾಗುವುದೇ ಇಲ್ಲಿ.

ದೇಹದ ಸಮತೋಲಕ್ಕೆ ಬೇಕಾದ ಸುದ್ದಿ ಒಳಗಿವಿ, ಕಣ್ಣು, ಕೀಲು ಮತ್ತು ಸ್ನಾಯುಗಳಿಂದ ಮಿದುಳುಕಾಂಡಕ್ಕೆ ಬರುತ್ತದೆ. ಅದನ್ನು ತಾಳೆ ನೋಡಿ ತಿದ್ದುವುದು ತಲೆಯ ಹಿಂಬದಿಯಲ್ಲಿರುವ ಕಿರುಮಿದುಳು, ಅಂದರೆ ಅನುಮಸ್ತಿಷ್ಕ. ತೂಕದಲ್ಲಿ ಮಿದುಳಿನ ಸುಮಾರು ಹತ್ತನೇ ಒಂದು ಪಾಲಾದರೂ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇದರಲ್ಲೇ ಇವೆ. ಸುಮ್ಮನಿರುವಾಗ ಎರಡೂ ಕಿವಿಗಳಿಂದ ಒಂದೇ ಪ್ರಮಾಣದ ಸಂಕೇತ ಬರುತ್ತಿರುತ್ತದೆ. ಒಂದು ಕಡೆಯದು ತಗ್ಗಿದರೆ, ಇಲ್ಲವೇ ಲೆಕ್ಕ ನೋಡುವ ಕಿರುಮಿದುಳೇ ತಪ್ಪಿದರೆ, ತಲೆ ತಿರುಗುತ್ತಿದೆ ಎಂದೇ ಮಿದುಳು ಅರ್ಥಮಾಡಿಕೊಳ್ಳುತ್ತದೆ.

ಫ್ರಾನ್ಸಿನ ಫ್ಲೂರಾನ್ಸ್ 1824ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಿರುಮಿದುಳು ತೆಗೆದ ಪಾರಿವಾಳಗಳು ಕಸುವು ಕಳೆದುಕೊಳ್ಳಲಿಲ್ಲ, ಚಲನೆಯ ಹೊಂದಾಣಿಕೆ ಕಳೆದುಕೊಂಡವು. ಆ ಕಾಲದ ವೈದ್ಯರು ತಲೆಸುತ್ತನ್ನು ಮಿದುಳಿನ ತಲೆಗೇ ಕಟ್ಟುತ್ತಿದ್ದರು. ಅದು ಒಳಗಿವಿಯಿಂದಲೂ ಬರಬಹುದೆಂದು ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ ತೋರಿಸಿದ. ಈಗಿನ ತಪ್ಪು ತದ್ವಿರುದ್ಧ: ಕಿವಿಯ ತೊಂದರೆಯೇ ಹೆಚ್ಚು ಸಾಮಾನ್ಯವಾದ್ದರಿಂದ, ಮಿದುಳಿನದು ಕಣ್ತಪ್ಪುತ್ತದೆ.

ಮದ್ಯ, ಅಪಸ್ಮಾರದ ಕೆಲವು ಔಷಧಿಗಳು, ಗೆಡ್ಡೆ ಕೂಡ ಕಿರುಮಿದುಳನ್ನು ಕೆಡಿಸುತ್ತವೆ. ಆದರೆ ಹಠಾತ್ತಾಗಿ ಬಂದು ಅಪಾಯ ತರುವುದು ಅಲ್ಲಿನ ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯು. ಹೆಸರು ಕೇಳಿ ಕೈಕಾಲು ಬಿದ್ದುಹೋಗಿರಬೇಕೆಂದುಕೊಂಡರೆ ಮೋಸಹೋದಂತೆ. ಎಷ್ಟೋ ಸಲ ಬಲ ಪೂರ್ತಿ ಇರುತ್ತದೆ. ವಾಂತಿ, ತಲೆಸುತ್ತು ಮಾತ್ರ. ಆಸರೆಯಿಲ್ಲದೆ ನಿಲ್ಲಲು, ಕೂರಲು ಕೂಡ ಆಗದಿದ್ದರೆ ಕಿವಿಗಿಂತ ಮಿದುಳನ್ನೇ ಮೊದಲು ಶಂಕಿಸಬೇಕು.

ಬಿಡದೆ ತಲೆ ಸುತ್ತುತ್ತಿರುವಾಗ ವೈದ್ಯರು ಮಾಡುವ ಹಿಂಟ್ಸ್ ಪರೀಕ್ಷೆ (2009) ಕಣ್ಣನ್ನೇ ಓದುತ್ತದೆ. ರೋಗಿ ಎದುರಿನ ಮೂಗನ್ನು ದಿಟ್ಟಿಸುತ್ತಿರುವಾಗ ಅವರ ತಲೆಯನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸುತ್ತಾರೆ. ಕಿವಿಯ ನರ ಕೆಟ್ಟಿದ್ದರೆ ನೋಟ ಜಾರಿ, ಮತ್ತೆ ಮೂಗಿಗೆ ನೆಗೆಯುತ್ತದೆ. ನೋಟ ಕದಲದಿದ್ದರೇ ಭಯ, ತೊಂದರೆ ಮಿದುಳಿನದಿರಬಹುದು! ಕಣ್ಣುಗುಡ್ಡೆಯ ಹೊಯ್ದಾಟ ನೋಡಿದ ದಿಕ್ಕಿಗೆ ತಕ್ಕಂತೆ ಬದಲಾದರೆ, ಅಥವಾ ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ ನಿಂತರೆ, ಶಂಕೆ ಬಲವಾಗುತ್ತದೆ.

ಸಿ.ಟಿ. ಸ್ಕ್ಯಾನಿಗೆ ಕಿರುಮಿದುಳಿನ ಜಾಗ ಸರಿಯಾಗಿ ಕಾಣುವುದಿಲ್ಲ, ಎಂ.ಆರ್.ಐ. ಕೂಡ ಮೊದಲ ಒಂದೆರಡು ದಿನ ತಪ್ಪಬಹುದು. ಅಷ್ಟರಲ್ಲಿ ಕಿರುಮಿದುಳು ಬಾತುಕೊಂಡರೆ, ಇಕ್ಕಟ್ಟಾದ ಆ ಮೂಳೆಗೂಡಿನಲ್ಲಿ ಮಿದುಳ ದ್ರವದ ದಾರಿ ಮುಚ್ಚಿಹೋಗುತ್ತದೆ. ಆಗ ತಲೆಬುರುಡೆಯ ಹಿಂಭಾಗವನ್ನು ತೆರೆದು ಒತ್ತಡ ಇಳಿಸಬೇಕಾಗುತ್ತದೆ.