ಹೊತ್ತಿನ ಮಾತು, ನಿಷ್ಠೆಯ ಮಾತು



ಈ ಭಾಷಣವು ಎಷ್ಟು ಗಂಟೆಗೆ ಮೊದಲಾಗುವುದೆಂದು ತಿಳಿದುಕೊಂಡು, ಗಡಿಯಾರವನ್ನು ನಂಬಿ, ತಾವು ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತಿದ್ದೀರಿ. ಗಡಿಯಾರದಲ್ಲಿ ನಮಗಿರುವ ಈ ನಂಬಿಕೆಯೇ ಹೊತ್ತನ್ನು ಹೇಳುವ ಮಾತುಗಳಲ್ಲಿಯೂ ಇರುವುದು ಸಹಜ. ನಡುಹಗಲೆಂದರೆ ನಡುಹಗಲು, ಈಗಲೇ ಎಂದರೆ ಈಗಲೇ ಎಂದು ನಾವು ತಿಳಿದಿರುತ್ತೇವೆ. ಆದರೆ ಮಾತುಗಳ ಚರಿತ್ರೆಯನ್ನು ನೋಡಿದವರಿಗೆ ಈ ನಂಬಿಕೆಯು ಸ್ವಲ್ಪ ಅಲುಗಾಡುತ್ತದೆ. ನಾವು ಶಾಲೆಯಲ್ಲಿ ಕಲಿತು ದಿನವೂ ಬಳಸುವ ಇಂಗ್ಲೀಷು ಭಾಷೆಯಿಂದಲೇ ಕೆಲವು ನಿದರ್ಶನಗಳನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಮೊದಲು 'ನೂನ್' ಎಂಬ ಶಬ್ದ. ಇಂದು ಅದರ ಅರ್ಥ ಹಗಲಿನ ಹನ್ನೆರಡು ಗಂಟೆ. ಆದರೆ ಅದರ ಮೂಲ ಲ್ಯಾಟಿನ್ ಭಾಷೆಯ 'ನೋನಾ', ಎಂದರೆ ಒಂಬತ್ತನೆಯದು. ರೋಮನರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಭಾಗ ಮಾಡುತ್ತಿದ್ದರು. ಒಂಬತ್ತನೆಯ ಹೊತ್ತೆಂದರೆ ನಮ್ಮ ಲೆಕ್ಕಕ್ಕೆ ಅಪರಾಹ್ನ ಸುಮಾರು ಮೂರು ಗಂಟೆ. ಕ್ರೈಸ್ತ ಮಠಗಳು ಈ ಲೆಕ್ಕವನ್ನೇ ಉಳಿಸಿಕೊಂಡು, ಹಗಲಿನ ಪ್ರಾರ್ಥನೆಗಳಿಗೆ ಆಯಾ ಹೊತ್ತಿನ ಸಂಖ್ಯೆಯನ್ನೇ ಹೆಸರಾಗಿ ಇಟ್ಟವು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯಂತೆ, ಸೆಪ್ಟೆಂಬರಿನ ನಡುವಿನಿಂದ ಈಸ್ಟರಿಗೆ ಮುಂಚಿನ ಮಹಾ ಉಪವಾಸಕಾಲ ಮೊದಲಾಗುವವರೆಗೆ ಊಟವು ಒಂಬತ್ತನೆಯ ಹೊತ್ತಿಗೆ. ಇನ್ನೂ ಕತ್ತಲಿರುವಾಗಲೇ ಎದ್ದು, ಪ್ರಾರ್ಥನೆ ಮಾಡಿ, ಮೈಮುರಿದು ದುಡಿದವರು ಮೂರು ಗಂಟೆಯವರೆಗೆ ಹಸಿದಿರಬೇಕು. ಕಾಲಕ್ರಮದಲ್ಲಿ ಏನಾಯಿತು? ಊಟವು ಪ್ರಾರ್ಥನೆಗಾಗಿ ಕಾಯಲಿಲ್ಲ. ಪ್ರಾರ್ಥನೆಯೇ ಊಟದ ಕಡೆಗೆ ಸರಿಯಿತು. ಬೇಸಿಗೆಯಲ್ಲಿ ಅದನ್ನು ತುಸು ಮುಂಚಿತವಾಗಿ ಮುಗಿಸಲು ಬೆನೆಡಿಕ್ಟನ ನಿಯಮವೇ ಎಡೆಗೊಟ್ಟಿತ್ತು. ಹದಿನಾಲ್ಕನೆಯ ಶತಮಾನದ ವೇಳೆಗೆ ಇಂಗ್ಲೆಂಡಿನಲ್ಲಿ ಈ 'ಒಂಬತ್ತನೆಯ' ಹೊತ್ತು ನಡುಹಗಲಿಗೆ ಬಂದು ನಿಂತಿತು. ಹಸಿವೇ ಇದಕ್ಕೆ ಮುಖ್ಯ ಕಾರಣವಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಇದೇ ಲೆಕ್ಕದ ಆರನೆಯ ಹೊತ್ತು, ಲ್ಯಾಟಿನಿನ 'ಸೆಕ್ಸ್‌ಟಾ', ಸ್ಪೇನ್ ದೇಶದಲ್ಲಿ 'ಸಿಯೆಸ್ತಾ' ಎಂಬ ಮಧ್ಯಾಹ್ನದ ನಿದ್ರೆಗೆ ಹೆಸರಾಯಿತು. ಹೀಗೆ ಒಂದು ಹೊತ್ತು ಊಟದ ಪಾಲಾಯಿತು, ಮತ್ತೊಂದು ನಿದ್ರೆಯ ಪಾಲಾಯಿತು!

ಹೀಗೆ ಸರಿದಾಡುತ್ತಿದ್ದ ಹೊತ್ತನ್ನು ಒಂದೆಡೆ ಕಟ್ಟಿಹಾಕಿದ್ದು ಯಂತ್ರದ ಗಡಿಯಾರ. 'ಕ್ಲಾಕ್' ಎಂಬ ಶಬ್ದದ ಮೂಲವು ಮಧ್ಯಯುಗದ ಲ್ಯಾಟಿನಿನ 'ಕ್ಲೊಕ್ಕಾ'. ಅದರ ಅರ್ಥ ಬಾರಿಸುವ ಗಂಟೆ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ದೇವಾಲಯದಲ್ಲಿ ತೂಗುವ ವಸ್ತುವಿಗೂ ಅರವತ್ತು ನಿಮಿಷಗಳ ಕಾಲಕ್ಕೂ ನಾವು ಗಂಟೆಯೆಂಬ ಒಂದೇ ಹೆಸರನ್ನು ಇಟ್ಟಿದ್ದೇವೆ. ಇಂಗ್ಲೆಂಡಿನ ಸಾಲ್ಸ್‌ಬರಿಯ ಮಹಾದೇವಾಲಯದಲ್ಲಿ ಗಡಿಯಾರವಿದ್ದುದು ೧೩೮೬ರ ಪತ್ರವೊಂದರಿಂದ ತಿಳಿದುಬರುತ್ತದೆ. ಅಲ್ಲಿ ಇರಿಸಿರುವ ಹಳೆಯ ಯಂತ್ರಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಗಂಟೆ ಬಾರಿಸುವುದೊಂದೇ ಅದರ ಕೆಲಸ. ಅದಕ್ಕೆ ಮುಂಚೆ, ಹಗಲಿನ ಹನ್ನೆರಡನೆಯ ಒಂದು ಭಾಗವೆಂಬ ಹೊತ್ತು ಆ ದೇಶದಲ್ಲಿ ಕಡುಬೇಸಿಗೆಯಲ್ಲಿ ನಮ್ಮ ಸುಮಾರು ೮೦ ನಿಮಿಷಗಳಷ್ಟು ಹಿಗ್ಗುತ್ತಿತ್ತು, ನಡುಚಳಿಗಾಲದಲ್ಲಿ ಸುಮಾರು ೪೦ ನಿಮಿಷಗಳಿಗೆ ಕುಗ್ಗುತ್ತಿತ್ತು. ಯಂತ್ರವು ಎಲ್ಲ ಕಾಲಕ್ಕೂ ಒಂದೇ ಅಳತೆಯನ್ನು ತಂದಿತು. ಆದುದರಿಂದ, ನಾನು ಹೇಳುವುದು ಸೂರ್ಯನ ಲೆಕ್ಕವಲ್ಲ, ಗಡಿಯಾರದ ಲೆಕ್ಕ ಎಂದು ಸ್ಪಷ್ಟಪಡಿಸಲು ಜನರು 'ಆಫ್ ದಿ ಕ್ಲಾಕ್' ಎಂದು ಸೇರಿಸಿ ಹೇಳತೊಡಗಿದರು. ಅದೇ ಸವೆದು 'ಓ ಕ್ಲಾಕ್' ಆಗಿ ಉಳಿದಿದೆ.

ಗಂಟೆ ಬಾರಿಸಿ ಹೇಳುವ ಹೊತ್ತಿಗೆ ಹೀಗೆ ಕಾವಲು ದೊರೆಯಿತು. ಮನುಷ್ಯನು ಬಾಯಿಮಾತಿನಲ್ಲಿ ಕೊಡುವ ಹೊತ್ತಿಗೆ ಕಾವಲು ಯಾರು? ಇಲ್ಲಿಯೇ ಈ ಚರಿತ್ರೆ ನಮಗೆ ತಾಗುವುದು. ಇಂದು 'ಸೂನ್' ಎಂದರೆ ಬೇಗನೆ, ಸ್ವಲ್ಪ ಹೊತ್ತಿನಲ್ಲಿ ಎಂದು ಅರ್ಥ. ಹಳೆಯ ಇಂಗ್ಲೀಷಿನಲ್ಲಿ ಇದೇ ಶಬ್ದ 'ಸೋನಾ' ಎಂದಿತ್ತು, ಅರ್ಥ ತತ್‌ಕ್ಷಣ. 'ಅನಾನ್' ಎಂಬುದೂ ಮೊದಲು ಒಡನೆಯೇ ಎಂಬ ಅರ್ಥದ್ದು. ಷೇಕ್ಸ್‌ಪಿಯರನ 'ನಾಲ್ಕನೆಯ ಹೆನ್ರಿ' ನಾಟಕದ ಮೊದಲ ಭಾಗದಲ್ಲಿ ರಾಜಕುಮಾರನು ಪಾನಗೃಹದ ಪರಿಚಾರಕ ಹುಡುಗನೊಬ್ಬನನ್ನು ಬೇಕೆಂದೇ ಮಾತಿನಲ್ಲಿ ತಡೆದಿರುತ್ತಾನೆ. ಪಕ್ಕದ ಕೋಣೆಯಿಂದ ಕರೆ ಬಂದಾಗಲೆಲ್ಲ ಹುಡುಗನು ಇದೇ ಶಬ್ದವನ್ನು ಕೂಗುತ್ತಾನೆ. ಹೋಗುವುದು ಮಾತ್ರ ಇಲ್ಲ. ಶಬ್ದವೊಂದು ಸಡಿಲವಾಗುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. 'ಪ್ರೆಸೆಂಟ್ಲಿ', 'ಬೈ ಅಂಡ್ ಬೈ' ಎಂಬುವುಗಳ ಪಾಡೂ ಇದೇ. ೧೬೧೧ರ ಇಂಗ್ಲೀಷು ಬೈಬಲಿನಲ್ಲಿ, ಸ್ನಾನಿಕ ಯೋಹಾನನ ತಲೆಯನ್ನು ಹೆರೋದನಲ್ಲಿ ಬೇಡುವ ಹುಡುಗಿ 'ಬೈ ಅಂಡ್ ಬೈ' ಬೇಕೆನ್ನುತ್ತಾಳೆ. ಈಗಿನ ವಾಚಕರಿಗೆ ಅವಳು ನಿಧಾನವಾದರೂ ಸರಿಯೆಂದಂತೆ ತೋರಬಹುದು; ಆದರೆ ಅವಳು ಕೇಳಿದ್ದು ಈ ಕ್ಷಣವೇ ಎಂದು!

ಈಗಲೇ ಎಂಬ ಅರ್ಥದ ನಾಲ್ಕು ಮಾತುಗಳೂ ಹೀಗೆ ಆಮೇಲೆ ಎಂಬ ಅರ್ಥಕ್ಕೆ ಜಾರಿದವು. ಯಾರೂ ಸಭೆ ಸೇರಿ ಇವುಗಳ ಅರ್ಥವನ್ನು ಬದಲಿಸಲಿಲ್ಲ. ಈಗಲೇ ಎಂದವರು ತಡಮಾಡಿದರು. ಕೇಳಿದವರು ಆ ತಡವನ್ನೇ ಮಾತಿನ ಅರ್ಥವೆಂದು ತಿಳಿದರು. ನಾವು ನಗುವಂತಿಲ್ಲ. ಇನ್ನೂ ಮನೆ ಬಿಟ್ಟು ಹೊರಡದವನು 'ಇದೋ ಬಂದೆ' ಎಂದು ಭೂತಕಾಲದಲ್ಲಿ ಉತ್ತರ ಕೊಡುವುದು ನಮ್ಮ ಭಾಷೆಯಲ್ಲಿಯೂ ಉಂಟು.

ಹಾಗಾದರೆ ಸ್ಥಿರತೆಯನ್ನು ಹೇಳುವ ಮಾತುಗಳು ಎಲ್ಲಿಂದ ಬಂದವು? ವಿಚಿತ್ರವೇನೆಂದರೆ ಅವು ಕಾಲದಿಂದಲ್ಲ, ನೆಲದಿಂದ ಬಂದವು. 'ಆಲ್‌ವೇಸ್' ಎಂಬುದರ ಮೊದಲ ಅರ್ಥ ದಾರಿಯುದ್ದಕ್ಕೂ ಎಂದು. ದಾರಿಯ ಕೊನೆಯವರೆಗೆ ಜೊತೆಗಿರುವವನೇ ಯಾವಾಗಲೂ ಇರುವವನು. 'ಸ್ಟೆಡ್‌ಫಾಸ್ಟ್' ಎಂದರೆ ನಿಂತ ಎಡೆಯಲ್ಲಿ ಗಟ್ಟಿಯಾಗಿರುವವನು. 'ಕಾನ್‌ಸ್ಟೆಂಟ್' ಎಂಬ ಲ್ಯಾಟಿನ್ ಮೂಲದ ಶಬ್ದದಲ್ಲಿರುವುದೂ ಕೂಡಿ ನಿಲ್ಲುವುದೆಂಬ ಭಾವ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದುದು ಪ್ರಸಿದ್ಧವಾಗಿದೆ. ಆ ಬಂಧುತ್ವವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಈ ಎರಡು ಇಂಗ್ಲೀಷು ಶಬ್ದಗಳಲ್ಲಿ ಅಡಗಿರುವ ಧಾತುವೂ ಸಂಸ್ಕೃತದ 'ಸ್ಥಾ' ಧಾತುವೂ ಒಂದೇ ಮೂಲದವು. ಅದರಿಂದಲೇ ನಮಗೆ ಸ್ಥಿರ, ಸ್ಥಿತಿ ಎಂಬ ಮಾತುಗಳು ಬಂದಿವೆ. ನಿಷ್ಠೆ ಎಂಬುದೂ ಅದರಿಂದಲೇ. ಸಾವಿರಾರು ವರ್ಷಗಳಲ್ಲಿ ಭಾಷೆಗಳು ದಿಕ್ಕುದಿಕ್ಕಿಗೆ ಚೆದರಿಹೋದರೂ, ನಂಬಿಕೆಗೆ ಅರ್ಹನಾದವನೆಂದರೆ ನಿಂತಲ್ಲಿ ನಿಲ್ಲುವವನು ಎಂಬ ಭಾವನೆ ಮಾತ್ರ ಕದಲಲಿಲ್ಲ.

ಇತ್ತೀಚೆಗೆ, ೧೯೮೦ರ ದಶಕದಲ್ಲಿ, ಅಮೆರಿಕದವರು 'ಟ್ವೆಂಟಿಫೋರ್ ಸೆವೆನ್' ಎಂಬ ಹೊಸ ಮಾತನ್ನು ಬಳಕೆಗೆ ತಂದರು: ದಿನಕ್ಕೆ ೨೪ ಗಂಟೆ, ವಾರಕ್ಕೆ ೭ ದಿನ. ಈಗ ನಮ್ಮ ನಗರಗಳ ಔಷಧದಂಗಡಿಗಳ ಫಲಕಗಳ ಮೇಲೂ ಅದನ್ನು ಕಾಣುತ್ತೇವೆ. ಅಂಗಡಿಗೆ ಇದು ಒಪ್ಪುವ ಮಾತು. ಒಬ್ಬ ಕೆಲಸಗಾರನು ದಣಿದರೆ ಮತ್ತೊಬ್ಬನು ಸರದಿಯ ಮೇಲೆ ಬರುತ್ತಾನೆ, ಬಾಗಿಲು ತೆರೆದೇ ಇರುತ್ತದೆ. ಆದರೆ ಕೊಟ್ಟ ಮಾತಿಗೆ ನಿಲ್ಲುವ ಕೆಲಸದಲ್ಲಿ ಸರದಿಯಿಲ್ಲ, ಕೊಟ್ಟವನೇ ನಿಲ್ಲಬೇಕು.

ನಿಘಂಟು ಬರೆಯುವವರು ಶಬ್ದಗಳ ಅರ್ಥವನ್ನು ಗುರುತಿಸಬಲ್ಲರೇ ಹೊರತು ಕಾಯಲಾರರು. ಅದನ್ನು ಕಾಯುವವರು ಆಡುವವರು. ನಾಳೆ ಯಾರಿಗಾದರೂ ಈಗಲೇ ಬರುತ್ತೇನೆ ಎಂದು ಹೇಳುವಾಗ, ಒಂದು ಶಬ್ದದ ಚರಿತ್ರೆಗೆ ನಾವೂ ಒಂದು ಸಾಲನ್ನು ಸೇರಿಸುತ್ತಿದ್ದೇವೆಂಬುದನ್ನು ನೆನೆದರೆ ಈ ಭಾಷಣವು ಸಾರ್ಥಕವಾಯಿತೆಂದು ಭಾವಿಸುತ್ತೇನೆ.