ಸೀಸದ ಬ್ಯಾಟರಿ: ಒಂದೇ ಬೇರು, ಎರಡು ಕವಲು

ಕಾರಿನ ಎಂಜಿನ್ ಚಾಲೂ ಮಾಡುವ ಬ್ಯಾಟರಿಗೂ ಮನೆಯ ಇನ್‌ವರ್ಟರ್ ಬ್ಯಾಟರಿಗೂ ಹೊರನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣದು. ಸಾಮಾನ್ಯವಾಗಿ ಎರಡರಲ್ಲಿಯೂ ಇರುವುದು ಸೀಸ ಮತ್ತು ಸಲ್ಫ್ಯೂರಿಕ್ ಆಮ್ಲ. ಆದರೆ ಕಾರಿನ ಬ್ಯಾಟರಿಯನ್ನು ದಿನವೂ ಬರಿದು ಮಾಡಿ ಬಳಸಿದರೆ ಅದು ಬಹುಬೇಗ ಕೆಡುತ್ತದೆ. ಏಕೆ? ಇದಕ್ಕೆ ಉತ್ತರ ಬ್ಯಾಟರಿಯ ಇತಿಹಾಸದಲ್ಲಿದೆ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿದರು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಹುಟ್ಟಿದ್ದು ಹೀಗೆ. ಆಗಿನ್ನೂ ಉಪಯುಕ್ತ ಡೈನಮೋ ಇರಲಿಲ್ಲ. ಇದನ್ನು ಚಾರ್ಜ್ ಮಾಡಲು ಬೇರೆ ರಾಸಾಯನಿಕ ಕೋಶಗಳನ್ನೇ ಬಳಸಬೇಕಿತ್ತು. 1881ರಲ್ಲಿ ಕ್ಯಾಮಿಲ್ ಫೋರ್ ಸೀಸದ ಆಕ್ಸೈಡನ್ನು ಫಲಕಕ್ಕೆ ಲೇಪಿಸಿ ಅದರ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದರು. ಅದೇ ವರ್ಷ ಗುಸ್ತಾವ್ ಟ್ರೂವೆಯ ವಿದ್ಯುತ್ ತ್ರಿಚಕ್ರಿ ಪ್ಯಾರಿಸ್ಸಿನಲ್ಲಿ ಓಡಿತು. 1899ರಲ್ಲಿ ಕ್ಯಾಮಿಲ್ ಜೆನಾಟ್ಜಿ ವಿದ್ಯುತ್ ಕಾರಿನಲ್ಲಿ ಗಂಟೆಗೆ 105 ಕಿ.ಮೀ. ಮೀರಿದರು. ಆ ಕಾಲದಲ್ಲಿ ವಾಹನವನ್ನು ಓಡಿಸುವುದೇ ಬ್ಯಾಟರಿಯ ಕೆಲಸ.

1912ರಲ್ಲಿ ದಾರಿ ಕವಲೊಡೆಯಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ವಯಂಚಾಲಕ ಸ್ಟಾರ್ಟರ್ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಪೆಟ್ರೋಲ್ ಕಾರಿನ ಬ್ಯಾಟರಿ ಕೆಲವು ಸೆಕೆಂಡು ಮಾತ್ರ ಭಾರಿ ವಿದ್ಯುತ್ ಕೊಟ್ಟರೆ ಸಾಕಾಯಿತು. ಇದಕ್ಕೆ ಹೆಚ್ಚು ಮೇಲ್ಮೈ ಬೇಕು. ಆದ್ದರಿಂದ ಇದರಲ್ಲಿ ತೆಳುವಾದ ಅನೇಕ ಫಲಕಗಳಿರುತ್ತವೆ. ಆದರೆ ಬ್ಯಾಟರಿ ಬರಿದಾದಾಗ ಫಲಕದ ವಸ್ತು ಸೀಸದ ಸಲ್ಫೇಟ್ ಆಗಿ ಹಿಗ್ಗುತ್ತದೆ, ಚಾರ್ಜ್ ಆದಾಗ ಕುಗ್ಗುತ್ತದೆ. ಈ ಏರಿಳಿತ ಆಳವಾದಷ್ಟೂ ತೆಳು ಫಲಕದ ಲೇಪ ಬೇಗ ಉದುರುತ್ತದೆ. ಇದನ್ನು ತಾಳಿಕೊಳ್ಳಲು ದಪ್ಪ ಫಲಕಗಳ ಅಥವಾ ಸಚ್ಛಿದ್ರ ಕೊಳವೆಯೊಳಗೆ ವಸ್ತುವನ್ನು ಹಿಡಿದಿಡುವ ಟ್ಯೂಬ್ಯುಲರ್ ಬ್ಯಾಟರಿಗಳು ಬೇಕು. ಇವೇ 'ಡೀಪ್ ಸೈಕಲ್' ಬ್ಯಾಟರಿಗಳು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಇಂಥ 8 ಬ್ಯಾಟರಿಗಳಿಂದ ಓಡುತ್ತಿತ್ತು. ಕ್ಯಾರವಾನ್‌ನ ದೀಪ, ಫ್ಯಾನು, ಶೀತಕಗಳಿಗೂ ಇಂಥದೇ ಎರಡನೆಯ ಬ್ಯಾಟರಿ ಬೇಕು. ಎಂಜಿನ್ ನಿಂತಾಗ ಅದನ್ನು ಸ್ಟಾರ್ಟರ್ ಬ್ಯಾಟರಿಯಿಂದ ಬೇರ್ಪಡಿಸುವ ರಿಲೇ ಇದ್ದರೆ ಬೆಳಿಗ್ಗೆ ಗಾಡಿ ಚಾಲೂ ಆಗುವುದರಲ್ಲಿ ಸಂಶಯವಿರದು.

ಕೊಳ್ಳುವಾಗ ಆಂಪಿಯರ್-ಗಂಟೆಯ ಅಂಕಿಯೊಂದನ್ನೇ ನೋಡಿದರೆ ಸಾಲದು. 20 ಗಂಟೆಯ ಲೆಕ್ಕದಲ್ಲಿ 100 ಆಂಪಿಯರ್-ಗಂಟೆ ಎಂದರೆ 5 ಆಂಪಿಯರ್‌ನಂತೆ 20 ಗಂಟೆ. 20 ಆಂಪಿಯರ್ ಸೆಳೆದರೆ ಅದು 5 ಗಂಟೆ ಬಾರದು. ವೇಗ ಹೆಚ್ಚಿದಂತೆ ದೊರೆಯುವ ಒಟ್ಟು ವಿದ್ಯುತ್ ಕುಗ್ಗುತ್ತದೆಂದು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ತೋರಿಸಿದ್ದರು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿರುವುದು ಅದರ ಆಯುಸ್ಸಿಗೆ ಒಳ್ಳೆಯದು.

ಚಾರ್ಜ್ ಮಾಡುವುದಕ್ಕೂ ತಾಳ್ಮೆ ಬೇಕು. ಅರ್ಧಂಬರ್ಧ ಚಾರ್ಜಿನಲ್ಲಿ ಬಹುಕಾಲ ಬಿಟ್ಟರೆ ಸಲ್ಫೇಟ್ ಹರಳುಗಳು ಗಟ್ಟಿಯಾಗಿ ಮತ್ತೆ ಕರಗವು. 12 ವೋಲ್ಟಿನ ಆಮ್ಲ ತುಂಬಿದ ಬ್ಯಾಟರಿಗೆ ಮೊದಲು ಸ್ಥಿರ ವಿದ್ಯುತ್ ಪ್ರವಾಹ, ಬಳಿಕ ಸುಮಾರು 14.4 ವೋಲ್ಟಿನಲ್ಲಿ ಕೆಲವು ಗಂಟೆ, ಕೊನೆಗೆ ಸುಮಾರು 13.5 ವೋಲ್ಟಿನ ಕಾವಲು — ಇದು ಉತ್ತಮ ಚಾರ್ಜರಿನ ಕ್ರಮ. ಜೆಲ್ ಮತ್ತು ಲಿಥಿಯಂ ಬ್ಯಾಟರಿಗಳಿಗೆ ಮಿತಿಗಳು ಬೇರೆ. ತಯಾರಕರ ಸೂಚನೆಯನ್ನೇ ಪಾಲಿಸಬೇಕು. ತುಸು ದೂರ ಓಡಿ ನಿಲ್ಲುವ ವಾಹನದಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ನಿಂತಾಗ ಮನೆಯ ಚಾರ್ಜರ್ ಅಥವಾ ಸೌರ ಫಲಕ ಆ ಕೊರತೆಯನ್ನು ನೀಗಬಲ್ಲದು.