ಅರ್ಧ ಬಕೆಟ್ ನೀರಿನ ಗುಲಾಬಿ

ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಸಾರಿದ್ದು 2024ರ ಮಾರ್ಚ್‌ನಲ್ಲಿ. ಆಗ ನಮ್ಮ ತಾರಸಿಯ ಮೇಲೆ ಹನ್ನೊಂದು ಗುಲಾಬಿ ಕುಂಡಗಳಿದ್ದವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಂದು ದಿನಕ್ಕೆ ಅರ್ಧ ಬಕೆಟ್ ಒಟ್ಟುಮಾಡಿ ಹಂಚಿದರೂ ಯುಗಾದಿ ಕಳೆಯುವಷ್ಟರಲ್ಲಿ ನಾಲ್ಕು ಒಣಗಿದವು. ನಾಲ್ಕೂ ನೀಳ ದಂಟಿನ ತುದಿಗೆ ಅಂಗೈಯಗಲದ ಒಂದೊಂದೇ ಹೂ ಬಿಡುವ ದುಬಾರಿ ಕಸಿಗಿಡಗಳು. ಮೊಣಕಾಲೆತ್ತರದ ಬಟನ್ ರೋಸ್ ಮಾತ್ರ ಅರ್ಧ ಎಲೆ ಉದುರಿಸಿ, ಮುದುರಿ ಕೂತು, ಮೊದಲ ಮಳೆಗೆ ಚಿಗುರಿಕೊಂಡಿತು. ಕಾರಣ ಅದರ ವಂಶದಲ್ಲಿದೆ. ಆ ವಂಶದ ಜಾಡು ಹಿಡಿದರೆ 1790ರ ದಶಕದ ಹಡಗುಗಳವರೆಗೆ ಹೋಗಬೇಕು.

ಅಲ್ಲಿಯವರೆಗೆ ಯುರೋಪಿನ ಗುಲಾಬಿಗಳಲ್ಲಿ ಬಹುತೇಕ ಎಲ್ಲವೂ ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂದ ಚೀನಾ ಗುಲಾಬಿಗಳು ತಿಂಗಳುಗಟ್ಟಲೆ ಅರಳುತ್ತಲೇ ಇದ್ದವು. ಕಲ್ಕತ್ತೆಯ ನಂಟಿನಿಂದಾಗಿ ಫ್ರೆಂಚರು ಅವನ್ನು ಬಂಗಾಳದ ಗುಲಾಬಿ ಎಂದೇ ಕರೆದರು. ಅವುಗಳಲ್ಲಿ ಎರಡು ಗುಣಗಳಿದ್ದವು: ಬಿಡದೆ ಅರಳುವುದು, ಗಿಡ್ಡಗೆ ಪೊದೆಯಾಗಿ ಬೆಳೆಯುವುದು. ಮುಂದಿನ ನೂರು ವರ್ಷ ತಳಿಗಾರರು ಮೊದಲನೆಯದರ ಬೆನ್ನು ಹತ್ತಿದರು. ಎರಡನೆಯದು ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ.

ಕವಲೊಡೆದ ಜಾಗವನ್ನು ಹೆಚ್ಚುಕಡಿಮೆ ಬೊಟ್ಟುಮಾಡಿ ತೋರಿಸಬಹುದು. ಫ್ರಾನ್ಸಿನ ಲಿಯಾನ್ ನಗರದ ಜಾನ್ ಬಾಪ್ಟಿಸ್ಟ್ ಗಿಯೋ 1867ರಲ್ಲಿ ‘ಲಾ ಫ್ರಾನ್ಸ್’ ಎಂಬ ಗುಲಾಬಿ ಹೊರತಂದ. ಇಂದು ಹೂಗುಚ್ಛದ ಅಂಗಡಿಗಳಲ್ಲಿ ಕಾಣುವ ಹೈಬ್ರಿಡ್ ಟೀ ಕುಲಕ್ಕೆ ಅದೇ ಮೊದಲನೆಯದು ಎಂಬ ಮಾತಿದೆ. ಇದೇ ಮನುಷ್ಯ 1875ರಲ್ಲಿ ‘ಪಾಕರೆಟ್’ ಎಂಬ ಇನ್ನೊಂದನ್ನು ಮಾರಾಟಕ್ಕಿಟ್ಟ: ಗಿಡ್ಡ ಪೊದೆ, ಗೊಂಚಲು ಗೊಂಚಲಾಗಿ ಪುಟ್ಟ ಬಿಳಿ ಹೂ. ಪಾಲಿಯಾಂತ ಎಂಬ ಕುಲ ಶುರುವಾದದ್ದು ಅಲ್ಲಿಂದ. ಒಬ್ಬನೇ ಅಪ್ಪನ ಈ ಇಬ್ಬರು ಮಕ್ಕಳಲ್ಲಿ ಪ್ರದರ್ಶನದ ಬಹುಮಾನವೆಲ್ಲ ದೊಡ್ಡವನಿಗೇ ಹೋಯಿತು.

ದೊಡ್ಡವನಿಗೆ ಹೊಸ ಬಣ್ಣ ಬೇಕಾಯಿತು. ತಳಿಗಾರ ಪೆರ್ನೆ ದುಶೆ 1900ರಲ್ಲಿ ‘ಸೊಲೈ ದೋರ್’ ಹೊರತಂದು ಪರ್ಷಿಯಾದ ಗಾಢ ಹಳದಿಯನ್ನು ತೋಟದ ಗುಲಾಬಿಗೆ ಸೇರಿಸಿದ. ಹಳದಿಯ ಜೊತೆ ಕಪ್ಪು ಚುಕ್ಕೆ ರೋಗಕ್ಕೆ ಬೇಗ ಬಲಿಯಾಗುವ ಗುಣವೂ ಬಂತು. ರೋಗಕ್ಕೂ ಬರಕ್ಕೂ ಏನು ಸಂಬಂಧ ಎನ್ನಬೇಡಿ. ಎಲೆ ಉದುರಿಸಿಕೊಂಡ ಗಿಡ ಕೂಡಿಟ್ಟ ಶಕ್ತಿಯನ್ನೆಲ್ಲ ಹೊಸ ಎಲೆಗೇ ಸುರಿಯಬೇಕು. ಬೇರು ಆಳಕ್ಕಿಳಿಯಲು ಏನೂ ಉಳಿಯುವುದಿಲ್ಲ. ಹಾಗಾಗಿ ನೀರು, ಗೊಬ್ಬರ, ಔಷಧಿ ಮೂರೂ ತಪ್ಪದೆ ಬೇಕಾಗುವ ಗಿಡವೇ ‘ನಿಜವಾದ’ ಗುಲಾಬಿ ಎನಿಸಿಕೊಂಡಿತು. ಗುಲಾಬಿ ಬೆಳೆಸುವುದು ಕಷ್ಟ ಎಂಬ ನಮ್ಮ ನಂಬಿಕೆಯ ಮೂಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಗಿಡ್ಡ ಕುಲಕ್ಕೆ ಕುಂಡದ ನಂಟು ಬೆಳೆದ ಕಥೆ ಸೊಗಸಾಗಿದೆ. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ರೂಲೆ ಎಂಬ ಸ್ವಿಸ್ ಸೈನ್ಯದ ವೈದ್ಯ, ಹಳ್ಳಿಯ ಮನೆಗಳ ಕಿಟಕಿಯಲ್ಲಿ ಗೇಣುದ್ದದ ಗುಲಾಬಿ ಗಿಡಗಳನ್ನು ಕಂಡು ಸಸ್ಯತಜ್ಞ ಆನ್ರಿ ಕೊರೆವೊನ್‌ಗೆ ಹೇಳಿದ. ಕೊರೆವೊನ್ ಹುಡುಕಿ ಹೋಗುವಷ್ಟರಲ್ಲಿ ಮೊಬೊರ್ಜೆ ಎಂಬ ಆ ಹಳ್ಳಿ ಬೆಂಕಿಗೆ ಆಹುತಿಯಾಗಿತ್ತು. ಪಕ್ಕದ ಊರಿನಲ್ಲಿ ಉಳಿದಿದ್ದ ಗಿಡದಿಂದ ಸಸಿ ಮಾಡಿ, ವೈದ್ಯನ ಹೆಸರಲ್ಲೇ ‘ರೂಲೆಟಿ’ ಎಂದು ಕರೆದ. ಹಾಲೆಂಡಿನ ಯಾನ್ ಡಿ ವಿಂಕ್, ಸ್ಪೇನಿನ ಪೆದ್ರೊ ದೋತ್, ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್ ಅದನ್ನು ಮುಂದಿಟ್ಟುಕೊಂಡು ಮಿನಿಯೇಚರ್ ಕುಲವನ್ನೇ ಕಟ್ಟಿದರು. ಚೆಂದದ ಗಿಡಗಳು, ನಿಜ. ಆದರೆ ಗಿಡ್ಡವಾದ ಮಾತ್ರಕ್ಕೆ ಗಟ್ಟಿ ಎಂದಲ್ಲ. ಗಟ್ಟಿತನ ಬೇರೆ ಕಡೆಯಿಂದ ಬರಬೇಕಿತ್ತು.

ಅದು ಬಂದದ್ದು ಗಿಡಗಳನ್ನು ಮುದ್ದು ಮಾಡಲು ಒಪ್ಪದ ಕೆಲವರಿಂದ. ಜರ್ಮನಿಯ ವಿಲ್ಹೆಲ್ಮ್ ಕೋರ್ಡೆಸ್ ಸಮುದ್ರದಂಡೆಯ ಉಪ್ಪು ಮರಳಿನಲ್ಲಿ ಬೆಳೆಯುವ ರುಗೋಸಾ ಗುಲಾಬಿಯ ರಕ್ತವಿದ್ದ, ಬಂಜೆಯೆಂದೇ ಎಣಿಸಿದ್ದ ‘ಮ್ಯಾಕ್ಸ್ ಗ್ರಾಫ್’ ಗಿಡದಿಂದ ಹೇಗೋ ಬೀಜ ಪಡೆದ. ಆ ದೇಶದಲ್ಲಿ 1948ರ ಸುಮಾರಿಗೆ ಶುರುವಾದ ಎಡಿಆರ್ ಎಂಬ ಗುಲಾಬಿ ತಳಿಗಳ ಪರೀಕ್ಷೆಯಲ್ಲಿ 1990ರ ದಶಕದ ಕೊನೆಯಿಂದ ಔಷಧಿ ಸಿಂಪಡಿಸುವಂತೆಯೇ ಇಲ್ಲ. ಅಮೆರಿಕದ ಅಯೋವಾದಲ್ಲಿ ಪ್ರಾಧ್ಯಾಪಕನಾಗಿದ್ದ ಗ್ರಿಫಿತ್ ಬಕ್ ಸಸಿಗಳಿಗೆ ಔಷಧಿ ಹೊಡೆಯುತ್ತಿರಲಿಲ್ಲ, ಕೊರೆಯುವ ಚಳಿಯಲ್ಲಿ ಮುಚ್ಚಿಗೆಯನ್ನೂ ಹಾಕುತ್ತಿರಲಿಲ್ಲ. ಬದುಕಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದ. ಅವನ 1977ರ ‘ಕೇರ್‌ಫ್ರೀ ಬ್ಯೂಟಿ’ ಮುಂದೆ ಬಹಳ ಕೆಲಸಕ್ಕೆ ಬಂತು.

ನಮಗೆ ಹೆಚ್ಚು ಹತ್ತಿರದ್ದು ಟೆಕ್ಸಾಸ್, ಏಕೆಂದರೆ ಅಲ್ಲಿ ಬಿಸಿಲಿದೆ. ಅಲ್ಲಿನ ಎ ಅಂಡ್ ಎಂ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ‘ಅರ್ತ್‌ಕೈಂಡ್’ ಎಂಬ ಪರೀಕ್ಷೆ ಶುರುಮಾಡಿದರು. ನೆಡುವಾಗ ಒಮ್ಮೆ ಕಾಂಪೋಸ್ಟ್, ಬುಡಕ್ಕೆ ದಪ್ಪ ಹೊದಿಕೆ, ಬೇರೂರುವವರೆಗೆ ನೀರು. ಆಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ, ನೀರೂ ಅಷ್ಟಕ್ಕಷ್ಟೇ. ಗೆದ್ದವುಗಳ ಪಟ್ಟಿ ನೋಡಿದರೆ ನಗು ಬರುತ್ತದೆ: ‘ಮ್ಯುಟಾಬಿಲಿಸ್’ ಹಳೆಯ ಚೀನಾ ಗುಲಾಬಿ, 1932ರ ‘ದ ಫೇರಿ’ ಪಾಲಿಯಾಂತ. ಬಹುಮಾನ ಸಿಗದ ತಮ್ಮನ ಮನೆಯವರೇ! ಹೊಸಬರಲ್ಲಿ ಹೆಸರು ಮಾಡಿದ ‘ಬೆಲಿಂಡಾಸ್ ಡ್ರೀಮ್’ ಸೃಷ್ಟಿಸಿದವರು ಅದೇ ವಿಶ್ವವಿದ್ಯಾಲಯದ ಗಣಿತದ ಮೇಷ್ಟ್ರು, ರಾಬರ್ಟ್ ಬೇಸಿ.

ಮಾರುಕಟ್ಟೆಯನ್ನು ತಲೆಕೆಳಗು ಮಾಡಿದ್ದು ಮಾತ್ರ 2000ದಲ್ಲಿ ಬಂದ ‘ನಾಕ್ ಔಟ್’. ವಿಸ್ಕಾನ್ಸಿನ್‌ನ ವಿಲಿಯಂ ರ‍್ಯಾಡ್ಲರ್ ರೋಗ ತಗಲಿದ ಎಲೆಗಳನ್ನು ಒಣಗಿಸಿ ಪುಡಿಮಾಡಿ, ಬೇಕೆಂದೇ ತನ್ನ ಸಸಿಗಳ ಮೇಲೆ ಉದುರಿಸುತ್ತಿದ್ದ. ಅದಕ್ಕೂ ಜಗ್ಗದೆ ನಿಂತದ್ದು, ಬಕ್‌ನ ‘ಕೇರ್‌ಫ್ರೀ ಬ್ಯೂಟಿ’ಯ ವಂಶದ ಈ ಮೂರು ನಾಲ್ಕು ಅಡಿಯ ಪೊದೆ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಮೆಯಾನ್ ಮನೆತನ ನೆಲಕ್ಕೆ ಹರಡುವ ಗುಲಾಬಿಗಳನ್ನು ಮಿನಿಯೇಚರ್ ಜೊತೆ ಬೆರೆಸಿ ‘ಡ್ರಿಫ್ಟ್’ ಸರಣಿ ಹೊರತಂದಿತು. ಎತ್ತರ ಒಂದೂವರೆ ಅಡಿ, ಹರವು ಎರಡೂವರೆ. ಕುಂಡಕ್ಕೆ ಹೇಳಿ ಮಾಡಿಸಿದ ಅಳತೆ. ಪೆಟ್ರೋಲ್ ಬಂಕಿನ ಅಂಚಿನಿಂದ ಆಸ್ಪತ್ರೆಯ ಅಂಗಳದವರೆಗೆ ಅಮೆರಿಕದ ಊರುಗಳಲ್ಲಿ ಗುಲಾಬಿ ಬೇಲಿಗಿಡದಂತಾಯಿತು. ಒಂದೇ ಗಿಡವನ್ನು ಸಾಲುಸಾಲಾಗಿ ನೆಟ್ಟಿದ್ದಕ್ಕೆ ದಂಡವೂ ಬಿತ್ತು: ಕಣ್ಣಿಗೆ ಕಾಣದ ನುಸಿಯೊಂದು ಹರಡುವ ರೋಸೆಟ್ ವೈರಸ್ ಸಾಲನ್ನೇ ನುಂಗತೊಡಗಿತು. ಆ ವೈರಸ್ಸಿಗೆ ಆಸರೆಯಾದ ಕಾಡು ಮಲ್ಟಿಫ್ಲೋರಾ ಗುಲಾಬಿಯನ್ನು 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯಲೆಂದು ಅಲ್ಲಿನ ಸರ್ಕಾರವೇ ಹಂಚಿತ್ತು.

ಇವೆಲ್ಲದರಲ್ಲಿ ನಾವು ಎಲ್ಲಿ ಬರುತ್ತೇವೆ? ಕೋರ್ಡೆಸ್, ಬಕ್, ರ‍್ಯಾಡ್ಲರ್ ಮೂವರೂ ಗಿಡಗಳನ್ನು ಸೋಸಿದ್ದು ಹಿಮದ ನಾಡಿನಲ್ಲಿ. ಚಳಿಗೆ ಜಗ್ಗದ್ದು ರಾಯಚೂರಿನ ಮೇ ತಿಂಗಳಿಗೂ ಜಗ್ಗದು ಎನ್ನಲು ಆಧಾರವಿಲ್ಲ. ಈ ಮಾತನ್ನು ದಶಕಗಳಿಂದ ಹೇಳುತ್ತ ಬಂದವರು ಐಎಎಸ್ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ವೀರು ವೀರರಾಘವನ್, ಜೊತೆಗೆ ಪತ್ನಿ ಗಿರಿಜಾ. ಬಿಸಿನಾಡಿನ ಗುಲಾಬಿಗೆ ಬಿಸಿನಾಡಿನ ಕಾಡುಗುಲಾಬಿಯೇ ತಾಯಾಗಬೇಕೆಂದು ಅವರು ಮಣಿಪುರದ ಜೈಗಾಂಟಿಯಾ, ಗಂಗೆಯ ಬಯಲಿನ ಕ್ಲೈನೋಫಿಲ್ಲಾ ಇಟ್ಟುಕೊಂಡು ತಳಿ ಕಟ್ಟಿದರು. ಮರುಭೂಮಿಯ ಕಡೆಯಿಂದ ಇನ್ನೊಂದು ದಾರಿಯಿದೆ: ಇರಾನಿನ ಒಣನೆಲದ ಪರ್ಸಿಕಾ. ಇಂಗ್ಲೆಂಡಿನ ಹಾರ್ಕ್‌ನೆಸ್ 1980ರ ದಶಕದಲ್ಲಿ ಅದರಿಂದ ‘ಟೈಗ್ರಿಸ್’, ‘ಯುಫ್ರೇಟಿಸ್’ ತಂದ. ಎಸಳಿನ ಬುಡದಲ್ಲಿ ಕೆಂಪು ಬೊಟ್ಟಿಟ್ಟಂಥ ಅದರ ಮೊಮ್ಮಕ್ಕಳು ಈಗ ಗಿಡ್ಡ ಪೊದೆಗಳಾಗಿ ಸಿಗುತ್ತಿವೆ. ಆದರೆ ಕೊಂಡವರು ಬೊಟ್ಟು ನೋಡಿ ಕೊಳ್ಳುತ್ತಾರೆ, ಬೇರು ನೋಡಿ ಅಲ್ಲ.

ನರ್ಸರಿಯ ಚೀಟಿಯಲ್ಲಿ ‘ಬರ ತಡೆಯುತ್ತದೆ’ ಎಂದಿದ್ದರೆ ಅರ್ಧ ಮಾತ್ರ ನಂಬಿ. ಆ ಮಾತು ನೆಲದಲ್ಲಿ ಒಂದು ವರ್ಷ ಬೇರುಬಿಟ್ಟ ಗಿಡಕ್ಕೆ. ಹನ್ನೆರಡು ಇಂಚಿನ ಕುಂಡದಲ್ಲಿ ಬೇರಿಗೆ ಇಳಿಯಲು ಆಳವೇ ಇಲ್ಲ. ಕಪ್ಪು ಪ್ಲಾಸ್ಟಿಕ್ ಕುಂಡ ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟು, ಬುಡಕ್ಕೆ ಎರಡಿಂಚು ತರಗೆಲೆಯೋ ತೆಂಗಿನ ನಾರೋ ಹೊದಿಸಿ, ದಿನಾ ಚಿಮುಕಿಸುವ ಬದಲು ಬೆರಳಿಟ್ಟು ನೋಡಿ, ಒಣಗಿದಾಗ ಕೆಳತೂತಿನಿಂದ ಹೊರಬರುವಷ್ಟು ಹಾಕುವುದು ಮೇಲು. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಗುಲಾಬಿಗೆ ಸುರಿಯುವವರು ಬಹಳ. ಅದು ಉಪ್ಪಿನ ನೀರು, ಗುಲಾಬಿಗೆ ಉಪ್ಪು ಒಗ್ಗದು. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿತೆಂದರೆ ಗಿಡ ಬಾಯಾರಿ ಸಾಯುತ್ತಿದೆ ಎಂದರ್ಥ, ಮಣ್ಣು ಒದ್ದೆಯಿದ್ದರೂ.

ಒಣಗಿದ ನಾಲ್ಕರಲ್ಲಿ ಒಂದು ಕುಂಡವನ್ನು ಸೋಮಾರಿತನದಿಂದ ಎಸೆದಿರಲಿಲ್ಲ. ಜೂನ್‌ನಲ್ಲಿ ಕಸಿಯ ಗಂಟಿನ ಕೆಳಗಿನಿಂದ ಚಿಗುರೊಂದು ಬಂತು. ನಮ್ಮ ಕಡೆ ಕಸಿ ಕಟ್ಟಲು ಬೇರುಸಸಿಯಾಗಿ ಬಳಸುವ ಎಡ್ವರ್ಡ್ ರೋಸ್ ಅದು, ಚೀನಾ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ಹುಟ್ಟಿದ ಬೂರ್ಬನ್ ಕುಲದ್ದು, ಹಿತ್ತಲಿನ ಪನ್ನೀರು ಗುಲಾಬಿಯ ಹತ್ತಿರದ ನೆಂಟ. ಕಾರ್ತಿಕದಲ್ಲಿ ನಸುಗೆಂಪು ಹೂ ಬಿಟ್ಟು ಮೆಟ್ಟಿಲವರೆಗೆ ಘಮಘಮಿಸಿತು. ನಾನು ದುಡ್ಡು ಕೊಟ್ಟದ್ದು ಅದಕ್ಕಲ್ಲ.